ನೀಲಿ ದಾರ ಕಟ್ಟಿದ ಹೂವು

“ಅದನ್ನ ಬಿಸಿಲಿಗೆ ಹಿಡೀಬೇಡ್ರಿ. ಸತ್ತು ಹೋಗ್ತೈತೆ.”

ತನ್ನ ರೂಮಿನ ಬಾಗಿಲಲ್ಲೇ ನಿಂತು ಸಾಯಿಮಾ ಆಡಿದ ಮೊದಲ ಮಾತು ಇದು.

ಕಿಟಕಿಯ ಬಳಿ ನಿಂತಿದ್ದ ಯುವಕ ತಿರುಗಿ ನೋಡಿದ. ಅವಳು ಅವನನ್ನು ಹಿಂದೆಂದೂ ಕಂಡಿರಲಿಲ್ಲ. ಅವನ ಬೆರಳ ತುದಿಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಕವರ್ ತೂಗುತ್ತಿತ್ತು. ಒಳಗೆ ಕೆನೆ ಬಣ್ಣದ ನುಣ್ಣನೆಯ ಪುಡಿ.

“ಪುಡಿಗೂ ಜೀವ ಇರ್ತೈತಾ?” ಎಂದ ಅವನು.

“ಇದಕ್ಕೆ ಐತೆ. ಮೊದಲು ಕೆಳಗಿಡ್ರಿ.”

ಅವನು ಕೆಳಗಿಡಲಿಲ್ಲ. ಅವಳೂ ಕಣ್ಣು ತೆಗೆಯಲಿಲ್ಲ. ರೂಮಿನಲ್ಲಿದ್ದ ಉಳಿದ ಮೂವರು, ಅವಳ ಜೊತೆಯ ಇಬ್ಬರು ಹುಡುಗಿಯರು ಮತ್ತು ಮನೆಯ ಒಡತಿ, ಇಬ್ಬರನ್ನೂ ಬದಲಿಸಿ ಬದಲಿಸಿ ನೋಡಿದರು.

ಆಮೇಲೆ ಸಾಯಿಮಾ ತನ್ನ ಮಂಚದತ್ತ ನೋಡಿದಳು. ಅವಳ ಬ್ಯಾಗನ್ನು ಯಾರೋ ಬುಡಮೇಲು ಮಾಡಿ ಸುರಿದಿದ್ದರು. ಚಿಮಟ, ನೈಲಾನ್ ಬಟ್ಟೆಯ ಪುಟ್ಟ ಜರಡಿ, ಒಳಗೆ ಬಲ್ಬ್ ಕೂರಿಸಿದ ರಟ್ಟಿನ ಪೆಟ್ಟಿಗೆ, ಇನ್ನೂ ನಾಲ್ಕು ಪುಡಿ ಕವರ್. ಜೊತೆಗೆ ಒಂದು ವಿಚಿತ್ರ ಹಿತ್ತಾಳೆ ಉಂಗುರ. ಹರಳಿರಬೇಕಾದ ಜಾಗದಲ್ಲಿ ಅದಕ್ಕೊಂದು ಪುಟ್ಟ ಬಟ್ಟಲು.

ಓಹೋ... ವಿಷಯ ಇಷ್ಟು ದೂರ ಬಂತಾ?

ಹೊನ್ನಾಳಿಯ ಶಾಂತಾದೇವಿಯವರ ಮನೆಯ ಮಹಡಿಯ ಈ ರೂಮಿನಲ್ಲಿ ಮೂವರು ಹುಡುಗಿಯರು ಬಾಡಿಗೆಗಿದ್ದರು. ನಲ್ಲೂರಿನ ಸಾಯಿಮಾ ಬೀಜದ ಕಂಪನಿಯೊಂದರಲ್ಲಿ ಫೀಲ್ಡ್ ಸೂಪರ್‌ವೈಸರ್. ನ್ಯಾಮತಿಯ ರುಹೀನಾ ಪ್ರೈವೇಟ್ ಶಾಲೆಯ ಟೀಚರ್. ಜಗಳೂರಿನ ಶಿವಲೀಲಾ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಳು. ಮೆಡಿಕಲ್ ಶಾಪಿನವಳೇ “ಇದು ಡ್ರಗ್ಸು” ಎಂದ ಮೇಲೆ ಇಲ್ಲ ಎನ್ನುವವರು ಯಾರು?

“ನೀವೇ ನೋಡ್ರಿ ಆಂಟಿ,” ಎಂದಳು ಶಿವಲೀಲಾ. “ಮೂರು ದಿನದಿಂದ ಇವಳ ಕಣ್ಣು ಕೆಂಪಗೈತೆ. ಮೂಗು ಸೋರ್ತೈತೆ. ಹಗಲೊತ್ತಲ್ಲಿ ಬಾಗಿಲು ಹಾಕ್ಕೊಂಡು ಬಲ್ಬ್ ಹಚ್ಕೊಂಡು ಅದೇನೋ ಒಣಗಿಸ್ತಾಳೆ, ಜರಡಿ ಹಿಡೀತಾಳೆ. ಏನೇ ಅದು ಅಂತ ಕೇಳಿದ್ರೆ ಕಂಪನಿ ಕೆಲಸ ಅಂತಾಳೆ, ಅಷ್ಟೇ. ಯಾವ ಕಂಪನಿ ಹಿಂಗೆ ಪೊಟ್ಟಣ ಕಟ್ಟಿಸ್ತೈತೆ?”

ರುಹೀನಾ ಶಿವಲೀಲಾಳ ಹಿಂದೆ ಸರಿದು ನಿಂತಳು. ಆದರೆ ಅಣ್ಣನಿಗೆ ಫೋನ್ ಮಾಡಿ “ನನ್ನ ಇಲ್ಲಿಂದ ಕರ್ಕೊಂಡು ಹೋಗು” ಎಂದು ಅತ್ತವಳು ಅವಳೇ. ಹಾಗೆ ನ್ಯಾಮತಿಯಿಂದ ಓಡಿ ಬಂದ ಅಣ್ಣನೇ ಕಿಟಕಿಯ ಬಳಿ ನಿಂತಿದ್ದ ವಸೀಮ್.

ವಸೀಮ್ ಈಗ ಮಂಚದ ಮೇಲಿದ್ದ ಉಂಗುರವನ್ನು ಎತ್ತಿಕೊಂಡ. ಅವನ ಮುಖದ ಬಣ್ಣವೇ ಬದಲಾಯಿತು.

“ಇದು ನಾನು ಮಾಡಿದ್ದು,” ಎಂದ. “ನಮ್ಮ ತಗಡಿನ ಅಂಗಡೀಲಿ. ಏಜೆಂಟ್ ಒಬ್ಬ ಬಂದು ಇಂಥವು ಇನ್ನೂರು ಮಾಡಿಸ್ಕೊಂಡು ಹೋದ. ಯಾತಕ್ಕೆ ಅಂದ್ರೆ ನಕ್ಕು ಸುಮ್ಮನಾದ.”

ಬಟ್ಟಲಿನ ತಳದಲ್ಲಿ ಅಂಟಿದ್ದ ಪುಡಿಯನ್ನು ನೋಡಿ ಅವನು ಸಾಯಿಮಾಳತ್ತ ತಿರುಗಿದ.

“ಇದ್ರಲ್ಲಿ ಹಾಕ್ಕೊಂಡು ಮೂಗಿಗೆ ಹಿಡೀತೀರೇನ್ರಿ? ಇದಕ್ಕಾ ನಾನು ಕೂತು ಬೆಸುಗೆ ಹಾಕಿದ್ದು?”

ಸಾಯಿಮಾಳಿಗೆ ಎದೆಯೊಳಗೆ ಸಿಟ್ಟು ಉರಿಯುತ್ತಿತ್ತು. ಆದರೂ ಈ ಮಾತಿಗೆ ನಗು ಬಂದೇ ಬಿಟ್ಟಿತು. ಪಾಪ, ಅವನಿಗೂ ತನ್ನ ಹೆಸರು ಕೆಟ್ಟಿತೆಂಬ ಭಯ!

“ಮೂಗಿಗಲ್ಲ, ಹೂವಿಗೆ ಹಿಡಿಯೋದು,” ಎಂದಳು. “ಅದು ಟೊಮ್ಯಾಟೊ ಹೂವಿನ ಗಂಡು ಪುಡಿ, ಪರಾಗ ಅಂತಾರಲ್ಲ. ಹೈಬ್ರಿಡ್ ಬೀಜದ ಟೊಮ್ಯಾಟೊ ಬೆಳೀಬೇಕಂದ್ರೆ ಒಂದು ಜಾತಿ ಗಿಡದ ಪುಡೀನ ಇನ್ನೊಂದು ಜಾತಿ ಹೂವಿಗೆ ಕೈಯಾರೆ ಮುಟ್ಟಿಸ್ಬೇಕು. ಹೊಲದಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟು ಮೂರು ದಿನ ಆಯ್ತು. ಅಲ್ಲಿ ಕರೆಂಟಿಲ್ಲ. ಅದಕ್ಕೆ ಇಲ್ಲಿ ಒಣಗಿಸಿದೆ. ನನಗೆ ಪುಡಿ ಆಗಿ ಬರಲ್ಲ, ಸೀನು ಬರ್ತೈತೆ. ಕಣ್ಣು ಕೆಂಪಾಗಿದ್ದು ಅದಕ್ಕೆ.”

“ಹಂಗಿದ್ರೆ ಮೊದಲೇ ಯಾಕೆ ಹೇಳಲಿಲ್ಲ?” ರುಹೀನಾ ಮೆಲ್ಲಗೆ ಕೇಳಿದಳು.

“ಗಂಡು ಪುಡಿ ಯಾವ ಜಾತಿ ಗಿಡದ್ದು ಅನ್ನೋದು ಕಂಪನಿ ಗುಟ್ಟು. ಹೂವಾಗಲಿ ಪುಡಿಯಾಗಲಿ ಹೊರಗಿನವರಿಗೆ ತೋರಿಸಲ್ಲ ಅಂತ ಸೈನ್ ಹಾಕೀನಿ. ಆ ಗಿಡಗಳಿಗೆ ಬೇರೆ ಬೇಲೀನೇ ಐತೆ ಕಣೇ.”

“ಕಥೆ ಚೆನ್ನಾಗೈತೆ,” ಎಂದಳು ಶಿವಲೀಲಾ.

ಶಾಂತಾದೇವಿ ಸೆರಗು ಸರಿಮಾಡಿಕೊಂಡರು. ಕೆಟ್ಟವರಲ್ಲ ಅವರು. ಆದರೆ ಮನೆಯ ಮುಂದೆ ಪೊಲೀಸ್ ಜೀಪು ನಿಂತ ಚಿತ್ರ ಬೆಳಿಗ್ಗೆಯಿಂದ ಅವರ ಕಣ್ಣಿಗೆ ಕಟ್ಟಿಬಿಟ್ಟಿತ್ತು.

“ನೋಡಮ್ಮ, ನಿಜವೋ ಸುಳ್ಳೋ ನನಗೆ ಬೇಡ. ಸಾಯಂಕಾಲದೊಳಗೆ ಸುಮ್ಮನೆ ಖಾಲಿ ಮಾಡಿಬಿಡು. ನಾವ್ಯಾರೂ ಎಲ್ಲೂ ಬಾಯಿ ಬಿಡಲ್ಲ.”

ಸುಮ್ಮನೆ...

ಆ ಒಂದು ಪದ ಸಾಯಿಮಾಳ ಮೈಯನ್ನೆಲ್ಲ ಬಿಸಿ ಮಾಡಿತು. ಸುಮ್ಮನೆ ಹೋದರೆ ಒಪ್ಪಿಕೊಂಡ ಹಾಗೆ. ಸುದ್ದಿ ಅವಳಿಗಿಂತ ಮೊದಲೇ ನಲ್ಲೂರಿನ ಬಸ್ ಹತ್ತಿರುತ್ತದೆ. ಮಗಳನ್ನು ಒಬ್ಬಳೇ ಪರ ಊರಿನಲ್ಲಿ ಬಿಟ್ಟಿದ್ದೀಯಲ್ಲ ಎಂದು ಮೂಗು ಮುರಿದವರಿಗೆಲ್ಲ ಅಬ್ಬಾ ಕರೀಮ್ ಒಂದೇ ಉತ್ತರ ಕೊಟ್ಟಿದ್ದರು: ನನ್ನ ಮಗಳು ನನಗೆ ಗೊತ್ತು. ಆ ಮಾತು ಮಣ್ಣುಪಾಲಾಗುತ್ತದೆ. ಕೆಲಸ ಹೋಗುತ್ತದೆ. ಹೆಸರೂ ಹೋಗುತ್ತದೆ.

“ಹೋಗಲ್ಲ ಆಂಟಿ,” ಎಂದಳು. ದನಿ ಏರಲಿಲ್ಲ, ನಡುಗಲೂ ಇಲ್ಲ. “ಈಗಲೇ ನಾನೇ ಸ್ಟೇಷನ್‌ಗೆ ಬರ್ತೀನಿ, ನಡೀರಿ. ಆಸ್ಪತ್ರೇಲಿ ನನ್ನ ರಕ್ತ ಟೆಸ್ಟ್ ಮಾಡ್ಸಿ.”

“ಅಯ್ಯೋ, ಸ್ಟೇಷನ್ನು ಗೀಷನ್ನು ಬೇಡಮ್ಮ...”

“ಹಂಗಾದ್ರೆ ಒಂದು ವಾರ ಕೊಡ್ರಿ. ನಾಳೆ ಬೆಳಿಗ್ಗೆ ನಾಲ್ಕೂ ಜನ ಹೊಲಕ್ಕೆ ಬರ್ರಿ. ಇದೇ ಪುಡೀನ ನಿಮ್ಮ ಕೈಯಾರೆ ಒಂದೊಂದು ಹೂವಿಗೆ ಮುಟ್ಟಿಸ್ರಿ. ಪುಡಿ ನಿಜವಾಗಿದ್ರೆ ವಾರದಲ್ಲಿ ಕಾಯಿ ಕಚ್ಚುತ್ತೆ. ಕಚ್ಚದಿದ್ರೆ ನೀವು ಹೇಳಬೇಕಾಗಿಲ್ಲ, ನಾನೇ ಬ್ಯಾಗ್ ಎತ್ಕೊಂಡು ಹೋಗ್ತೀನಿ.”

ಆಮೇಲೆ ಕೈ ಚಾಚಿದಳು. ವಸೀಮ್ ಕವರನ್ನು ಅವಳ ಅಂಗೈ ಮೇಲಿಟ್ಟ. ಅವಳು ಅದನ್ನು ಬಿಸಿಲಿಗೆ ಬೆನ್ನು ಮಾಡಿ, ಒದ್ದೆ ಬಟ್ಟೆ ಸುತ್ತಿದ ಡಬ್ಬಿಯೊಳಗೆ ಇಟ್ಟಳು.

ಅಷ್ಟೊಂದು ಜೋಪಾನ ಯಾಕೆ? ತಂಗಿಯನ್ನು ವಾರದ ಮಟ್ಟಿಗೆ ಅಲ್ಲೇ ಬಿಟ್ಟು ಹೊರಟ ವಸೀಮ್‌ನ ಜೊತೆ ಆ ಪ್ರಶ್ನೆ ನ್ಯಾಮತಿಯವರೆಗೂ ಹೋಯಿತು.

*

ಮರುದಿನ ಏಳೂವರೆಗೆ ಎಲ್ಲರೂ ಕಂಪನಿಗೆ ಬೀಜ ಬೆಳೆದುಕೊಡುವ ರೈತ ಮಲ್ಲೇಶಪ್ಪನವರ ಹೊಲದಲ್ಲಿದ್ದರು. ಸಾಯಿಮಾ ಹಿಂದಿನ ದಿನವೇ ತನ್ನ ಆಫೀಸರ್‌ಗೆ ನಡೆದದ್ದನ್ನೆಲ್ಲ ಹೇಳಿ, ಪುಡಿ ಮುಟ್ಟಿಸಿಕೊಳ್ಳುವ ಹೆಣ್ಣು ಗಿಡಗಳ ಹೊಲಕ್ಕೆ ಮಾತ್ರ ನಾಲ್ವರನ್ನು ಕರೆತರಲು ಒಪ್ಪಿಗೆ ಪಡೆದಿದ್ದಳು. ಮುಚ್ಚಿಟ್ಟು ಒದ್ದಾಡುವ ಜಾತಿಯವಳಲ್ಲ ಅವಳು.

ನೈಲಾನ್ ಪರದೆಯೊಳಗೆ ಸಾಲು ಸಾಲು ಟೊಮ್ಯಾಟೊ ಗಿಡ. ಇಪ್ಪತ್ತು ಹೆಂಗಸರು ಬಾಗಿ ಕೆಲಸ ಮಾಡುತ್ತಿದ್ದರು. ಎಲ್ಲರ ಬೆರಳಲ್ಲೂ ಬಟ್ಟಲಿನ ಉಂಗುರ!

ವಸೀಮ್ ನಿಂತಲ್ಲೇ ನಿಂತ. ಯಾತಕ್ಕೆಂದು ತಿಳಿಯದೆ ತಾನು ಬೆಸೆದ ಉಂಗುರಗಳು ಅಲ್ಲಿ ಒಂದೊಂದು ಹೂವನ್ನೂ ಮುಟ್ಟುತ್ತಾ ಸಾಗುತ್ತಿದ್ದವು.

“ಈ ಉಂಗುರ ಮಾಡಿದ ಪುಣ್ಯಾತ್ಮ ಯಾರೋ, ಸಿಕ್ಕಿದ್ರೆ ಕೇಳ್ಬೇಕು,” ಎಂದಳು ಕೆಲಸದವರ ಮುಂದಾಳು ದ್ಯಾಮಮ್ಮ. “ಹೆಣ್ಣುಮಕ್ಕಳ ಬೆರಳನ್ನೇ ನೋಡಿಲ್ಲ ಅವನು. ಒಂದೊಂದೂ ಬಳೆಯಷ್ಟು ದೊಡ್ಡದು. ದಾರ ಸುತ್ತಿ ಸುತ್ತಿ ಸಾಕಾಯ್ತು.”

“ಇಲ್ಲೇ ನಿಂತವ್ರೆ, ಕೇಳು,” ಎಂದಳು ಸಾಯಿಮಾ.

ಇಡೀ ಸಾಲು ನಕ್ಕಿತು. ವಸೀಮ್‌ನ ಕಿವಿ ಕೆಂಪಾದವು.

ದ್ಯಾಮಮ್ಮ ಹೂವೊಂದನ್ನು ತೋರಿಸಿದಳು. ಹಿಂದಿನ ಸಂಜೆಯೇ ಚಿಮಟದಿಂದ ಅದರ ಗಂಡು ಭಾಗ ಕಿತ್ತಾಗಿತ್ತು. ನಡುವೆ ಸೂಜಿಯಂಥ ಒಂದು ಎಳೆ ಮಾತ್ರ ಉಳಿದಿತ್ತು. “ಇದಕ್ಕೆ ಪುಡಿ ತಾಗಿದ್ರೆ ಕಾಯಿ. ತಾಗದಿದ್ರೆ ನಾಲ್ಕೈದು ದಿನಕ್ಕೆ ಬಾಡಿ ಉದುರ್ತೈತೆ. ಸುಳ್ಳು ಹೇಳಾಕೆ ಇದಕ್ಕೆ ಬರಲ್ಲ.”

ಪುಡಿ ಮುಟ್ಟಿಸಿದ ಹೂವಿಗೆ ಶಾಂತಾದೇವಿ ಗುರುತಿಗೆ ಹಳದಿ ದಾರ ಕಟ್ಟಿದರು. ರುಹೀನಾ ಹಸಿರು. ಶಿವಲೀಲಾ ಕೆಂಪು ದಾರ ಕಟ್ಟಿ ಎರಡೆರಡು ಗಂಟು ಹಾಕಿದಳು. ಯಾರೂ ಬದಲಿಸಬಾರದಲ್ಲ!

ಕೊನೆಗೆ ವಸೀಮ್. ಅವನ ದಾರ ನೀಲಿ.

“ಬೆರಳ ತುದಿ ಬಟ್ಟಲಲ್ಲಿ ಅದ್ದಿ, ಮೆಲ್ಲಗೆ ಮುಟ್ಟಿಸ್ರಿ,” ಎಂದಳು ಸಾಯಿಮಾ, ಪಕ್ಕದಲ್ಲಿ ಬಾಗಿ. “ಮೆಲ್ಲಗೆ... ತಗಡಲ್ಲ ಅದು.”

ಅಷ್ಟರಲ್ಲಿ ಅವಳಿಗೆ ಸೀನು ಬಂತು. ಅವಳು ಮೊದಲು ಬಟ್ಟಲಿನ ಮೇಲೆ ಅಂಗೈ ಮುಚ್ಚಿದಳು. ಆಮೇಲೆ ಮುಖ ತಿರುಗಿಸಿ ದುಪಟ್ಟಾ ಮೂಗಿಗೆ ಹಿಡಿದಳು. ಒಂದಲ್ಲ, ನಾಲ್ಕು ಸೀನು. ಕಣ್ಣಲ್ಲಿ ನೀರು, ಮೂಗಿನ ತುದಿ ಕೆಂಪು. ಆದರೆ ಪುಡಿಯ ಒಂದು ಕಣವೂ ಚೆಲ್ಲಿರಲಿಲ್ಲ.

ವಸೀಮ್ ಹೂವನ್ನು ಮರೆತು ಅವಳನ್ನೇ ನೋಡುತ್ತಿದ್ದ. ಅವನ ಬೆರಳು ಹೂವಿನ ಮೇಲೆ ಎಷ್ಟು ಭಾರವಾಗಿ ಊರಿತು ಎಂಬುದು ಅವನಿಗೂ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ.

ಹೊರಡುವ ಮುಂಚೆ ಅವನು ಇಪ್ಪತ್ತು ಹೆಂಗಸರ ಬೆರಳಿಗೂ ಒಂದೊಂದು ದಾರ ಸುತ್ತಿ ಅಳತೆ ತೆಗೆದುಕೊಂಡ. ಕೊನೆಯಲ್ಲಿ ಸಾಯಿಮಾಳೂ ಕೈ ಮುಂದೆ ಮಾಡಿದಳು, ಕೆಲಸದ ವಿಷಯ ಎನ್ನುವಂತೆ. ಅವನೂ ಕೆಲಸದ ವಿಷಯ ಎನ್ನುವಂತೆಯೇ ದಾರ ಸುತ್ತಿದ. ಇಬ್ಬರೂ ಚೆನ್ನಾಗಿಯೇ ನಟಿಸಿದರು ಎನ್ನಬೇಕು.

*

ಆ ವಾರ ರೂಮಿನಲ್ಲಿ ಸಾಯಿಮಾಳ ಜೊತೆ ಯಾರೂ ಮಾತಾಡಲಿಲ್ಲ. ಶಿವಲೀಲಾ ತನ್ನ ಟೂತ್‌ಪೇಸ್ಟನ್ನು ಕೂಡ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ಸಾಯಿಮಾ ತನ್ನ ಪಾಡಿಗೆ ಅನ್ನ ಮಾಡಿಕೊಂಡಳು, ಬಟ್ಟೆ ಒಗೆದಳು, ಅಬ್ಬಾಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ತಾನೇ ಹೇಳಿದಳು.

ಕರೀಮ್ ಕೊನೆಯವರೆಗೂ ಕೇಳಿಸಿಕೊಂಡರು. “ಬರ್ಲಾ ಬೇಟಿ?” ಎಂದರು ಆಮೇಲೆ.

“ಬೇಡ ಅಬ್ಬಾ. ಕಾಯಿ ಕಚ್ಚಲಿ, ನಾನೇ ಬರ್ತೀನಿ.”

ಫೋನ್ ಇಟ್ಟ ಮೇಲೆ ಬಾತ್‌ರೂಮಿನ ನಲ್ಲಿ ಬಿಟ್ಟು ಐದು ನಿಮಿಷ ಅತ್ತಳು. ಆಮೇಲೆ ಮುಖ ತೊಳೆದು ಹೊಲಕ್ಕೆ ಹೋದಳು. ಐದೇ ನಿಮಿಷ, ಅದಕ್ಕಿಂತ ಹೆಚ್ಚು ಅವಳ ಬಳಿ ಸಮಯವಿರಲಿಲ್ಲ.

ಮೂರನೆಯ ದಿನ ವಸೀಮ್ ಹೊಸ ಉಂಗುರಗಳ ಡಬ್ಬಿ ಹಿಡಿದು ಬಂದ. ಪ್ರತಿಯೊಂದಕ್ಕೂ ಹೆಸರಿನ ಚೀಟಿ. ದ್ಯಾಮಮ್ಮ ತನ್ನದನ್ನು ಹಾಕಿಕೊಂಡು ಕೈ ಕೊಡವಿ ನೋಡಿದಳು. ಉಂಗುರ ಅಲುಗಲಿಲ್ಲ. “ಈಗ ನೋಡಪ್ಪ, ಹೆಣ್ಣುಮಕ್ಕಳ ಬೆರಳು ನೋಡಿದ್ದು ಸಾರ್ಥಕ ಆಯ್ತು,” ಎಂದು ಹೋದಳು.

ಸಾಯಿಮಾ ಮತ್ತು ವಸೀಮ್ ಇಬ್ಬರೂ ಮನೆಯಲ್ಲಿ ಉರ್ದು ಆಡುವವರೇ. ಆದರೆ ಮೊದಲ ದಿನ ಜಗಳ ಕನ್ನಡದಲ್ಲಿ ಶುರುವಾಗಿತ್ತಲ್ಲ, ಅದು ಹಾಗೆಯೇ ರೂಢಿಯಾಗಿತ್ತು.

“ನಿಮಗೊಂದು ಮಾತು ಹೇಳ್ಬೇಕು,” ಎಂದ ವಸೀಮ್. “ಆ ದಿನ ಮೂಗಿಗೆ ಹಿಡೀತೀರಾ ಅಂತ ಕೇಳಿದ್ನಲ್ಲ... ತಪ್ಪಾಯ್ತು. ನಾನು ನಿಮ್ಮನ್ನ ನಂಬ್ತೀನಿ.”

ಸಾಯಿಮಾಳ ಎದೆ ಒಮ್ಮೆ ಜೋರಾಗಿ ಹೊಡೆದುಕೊಂಡಿತು. ಆದರೆ ಮೂರು ದಿನದಿಂದ ಗಟ್ಟಿಯಾಗಿ ಕಟ್ಟಿಕೊಂಡಿದ್ದ ಮನಸ್ಸು ಅಷ್ಟು ಸುಲಭಕ್ಕೆ ಸಡಿಲವಾಗಲಿಲ್ಲ.

“ನಂಬಿಕೆ ಬೇಡ ನನಗೆ,” ಎಂದಳು. “ಶಿವಲೀಲಾನೂ ಮೊನ್ನೆ ತನಕ ನನ್ನ ನಂಬಿದ್ಲು. ನಾಳೆ ಇನ್ನೊಬ್ಬರು ಇನ್ನೇನೋ ಹೇಳಿದ್ರೆ ನಿಮ್ಮದೂ ಆ ಕಡೆ ತಿರುಗ್ತೈತೆ. ನಿಮ್ಮ ನೀಲಿ ದಾರದ ಹೂವು ಕಾಯಿ ಕಚ್ಚಲಿ. ಆಮೇಲೆ ಏನು ಹೇಳಬೇಕೋ ಹೇಳ್ರಿ. ಅಲ್ಲಿ ತನಕ ಏನೂ ಬೇಡ.”

ಅವನು ಏನೋ ಹೇಳಲು ಬಾಯಿ ತೆರೆದ. ಆಮೇಲೆ ತಲೆಯಾಡಿಸಿ ಹೊರಟುಹೋದ.

ಹೇಳಬೇಕೆಂದಿದ್ದು ಏನು? ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ತಡೆದಿದ್ದಳು. ಕಳಂಕ ಹೊತ್ತುಕೊಂಡು ಪ್ರೀತಿಯ ಮಾತು ಕೇಳುವುದು ಅವಳಿಗೆ ಬೇಕಿರಲಿಲ್ಲ.

ಐದನೆಯ ದಿನ ಬೆಳಿಗ್ಗೆ ನೀಲಿ ದಾರದ ಹೂವು ಉದುರಿತ್ತು.

ದಾರವೂ ಕಾಣಲಿಲ್ಲ. ದ್ಯಾಮಮ್ಮ ಹೇಳಿದಳು: “ಉಂಗುರದ ಹುಡುಗ ಬೆಳಿಗ್ಗೇನೇ ಬಂದಿದ್ದ. ಬಗ್ಗಿ ನೋಡಿದ, ಮುಖ ಸಪ್ಪಗೆ ಮಾಡ್ಕೊಂಡು ಹೋದ. ಒರಟು ಕೈ ಅವನದು, ಎಳೆ ಮುರಿದಿರ್ತೈತೆ. ನಮ್ಮಲ್ಲೂ ಹತ್ತರಲ್ಲಿ ಎರಡು ಹಂಗೇ ಹೋಗ್ತಾವೆ.”

ಸಾಯಿಮಾ ನೆಲ ನೋಡುತ್ತಾ ನಿಂತಳು. ಅದು ನನಗೆ ಗೊತ್ತು, ನಿನಗೆ ಗೊತ್ತು. ಅವನಿಗೆ ಗೊತ್ತಾ?

ಆರನೆಯ ದಿನ ಅವನು ಬರಲಿಲ್ಲ.

ಹಾಗಾದರೆ ಅಷ್ಟೇ... ಪುಡಿ ಸುಳ್ಳು ಎಂದು ತೀರ್ಮಾನಿಸಿಬಿಟ್ಟ. ನಂಬುತ್ತೇನೆ ಎಂದವನ ನಂಬಿಕೆ ಒಂದು ಹೂವಿನ ಜೊತೆ ಉದುರಿತು. ನಾನು ಹೇಳಿರಲಿಲ್ಲವೇ? ಹೇಳಿದ್ದೇ ನಿಜವಾಯಿತು ಎಂದುಕೊಂಡಳು. ನಿಜವಾಗಿದ್ದಕ್ಕೆ ಅವಳಿಗೆ ಚೂರೂ ಸಂತೋಷವಾಗಲಿಲ್ಲ.

*

ಏಳನೆಯ ದಿನ ಶಾಂತಾದೇವಿ ಕನ್ನಡಕ ಹಾಕಿಕೊಂಡೇ ಗಿಡದ ಮುಂದೆ ಕುಳಿತರು.

ಹಳದಿ ದಾರದ ಕೆಳಗೆ ಕಡಲೆ ಕಾಳಿನಷ್ಟು ಹಸಿರು ಕಾಯಿ. ಹಸಿರು ದಾರದ ಕೆಳಗೂ ಒಂದು. ಶಿವಲೀಲಾ ಎರಡು ಗಂಟು ಹಾಕಿದ್ದ ಕೆಂಪು ದಾರದ ಕೆಳಗೆ ಎಲ್ಲಕ್ಕಿಂತ ದೊಡ್ಡದು.

ವಸೀಮ್ ಇವತ್ತೂ ಬಂದಿರಲಿಲ್ಲ.

“ನನ್ನ ಕೈಯಾರೆ ಹಚ್ಚಿದ್ದು...” ಎಂದರು ಶಾಂತಾದೇವಿ. ಮೊಮ್ಮಗುವಿನ ಕೆನ್ನೆ ಸವರುವಂತೆ ಕಾಯಿಯನ್ನು ಸವರಿದರು. “ಸಾಯಿಮಾ, ಈ ಮುದುಕೀನ ಕ್ಷಮಿಸಮ್ಮ. ಆ ರೂಮು ನಿನ್ನದೇ.”

ರುಹೀನಾ ಅಳುತ್ತಾ ಅವಳನ್ನು ತಬ್ಬಿಕೊಂಡಳು. ಶಿವಲೀಲಾ ಮಾತ್ರ ದೂರದಲ್ಲಿ ಚಪ್ಪಲಿಯ ತುದಿಯಿಂದ ಮಣ್ಣು ಕೆದಕುತ್ತಿದ್ದಳು.

“ಸಾರಿ ಕಣೇ,” ಎಂದಳು ಕೊನೆಗೆ.

“ನನಗೆ ಹೇಳಿದ್ದು ಸಾಕು,” ಎಂದಳು ಸಾಯಿಮಾ. “ಮೆಡಿಕಲ್ ಶಾಪಿನಲ್ಲಿ ಎಷ್ಟು ಜನಕ್ಕೆ ಹೇಳಿದ್ದೆ?”

ಶಿವಲೀಲಾ ತಲೆ ತಗ್ಗಿಸಿದಳು. “ಓನರ್‌ಗೆ... ಇನ್ನಿಬ್ಬರಿಗೆ.”

“ಹಂಗಾದ್ರೆ ಮೂರು ಫೋನು. ಇಲ್ಲೇ ನಿಂತ್ಕೊಂಡು ಮಾಡು. ನಾನು ಕೇಳಬೇಕು.”

ಶಿವಲೀಲಾ ಮಾಡಿದಳು. ಮೊದಲ ಫೋನಿನಲ್ಲಿ ತೊದಲಿದಳು. ಮೂರನೆಯದಕ್ಕೆ ಬರುವಷ್ಟರಲ್ಲಿ “ತಪ್ಪು ನನ್ನದೇ, ಅವಳದ್ದೇನೂ ಇಲ್ಲ” ಎಂದು ಸರಾಗವಾಗಿ ಹೇಳಿದಳು. ಸಾಯಿಮಾ ಅವಳ ಭುಜ ತಟ್ಟಿ, “ಸಂಜೆ ಟೂತ್‌ಪೇಸ್ಟು ಹೊರಗಿಡು, ನನ್ನದು ಖಾಲಿಯಾಗೈತೆ,” ಎಂದಳು. ಶಿವಲೀಲಾಳಿಗೆ ಅಳುವಿನ ನಡುವೆಯೇ ನಗು ಬಂತು.

ಹೆಸರು ಉಳಿಯಿತು. ಕೆಲಸ ಉಳಿಯಿತು. ಅಬ್ಬಾನ ಮಾತೂ ಉಳಿಯಿತು.

ಆದರೂ ನೀಲಿ ದಾರವಿದ್ದ ಜಾಗದ ಕಡೆ ಕಣ್ಣು ಹೋಗುವುದು ತಪ್ಪಲಿಲ್ಲ.

“ಮನೆಯಿಂದ ಫೋನ್ ಬಂದಿತ್ತು. ಭಾಯ್ ಎರಡು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ,” ಎಂದಳು ರುಹೀನಾ, ಯಾರಿಗೂ ಹೇಳದಂತೆ, ಆದರೆ ಸಾಯಿಮಾಳಿಗೆ ಕೇಳುವಂತೆ.

ಸಾಯಿಮಾ ಮಧ್ಯಾಹ್ನದ ಬಸ್ಸಿಗೇ ನ್ಯಾಮತಿಗೆ ಹೊರಟಳು. ಅವನು ಬರಲಿ ಎಂದು ಕಾಯುವುದು ಅವಳಿಗೆ ಒಗ್ಗುವ ಕೆಲಸವಲ್ಲ.

*

ತಗಡಿನ ಡಬ್ಬಿ, ಜಾಲರಿ, ಒಲೆಗಳ ನಡುವೆ ವಸೀಮ್ ಸುತ್ತಿಗೆ ಹಿಡಿದು ಕುಳಿತಿದ್ದ. ಅವಳನ್ನು ಕಂಡು ಎದ್ದು ನಿಂತ.

“ಮೂರು ಹೂವು ಕಾಯಿ ಕಚ್ಚಿದಾವೆ,” ಎಂದಳು.

“ಕಚ್ಚೇ ಕಚ್ಚುತ್ವೆ ಅಂತ ಗೊತ್ತಿತ್ತು.”

“ನಿಮ್ಮದು ಉದುರಿತು.”

“ಅದೂ ಗೊತ್ತು.”

“ಅದಕ್ಕೇ ಬರಲಿಲ್ಲ, ಅಲ್ವಾ? ನನ್ನ ಪುಡಿ ಸುಳ್ಳು ಅಂತ...”

ವಸೀಮ್ ಬೆಚ್ಚಿ ನೋಡಿದ. “ಏನು ಹೇಳ್ತಿದೀರಾ? ನೀವೇ ತಾನೇ ಹೇಳಿದ್ದು, ನೀಲಿ ದಾರದ್ದು ಕಾಯಿ ಕಚ್ಚಿದ ಮೇಲೆ ಮಾತಾಡ್ರಿ ಅಂತ? ಕಚ್ಚಲಿಲ್ಲ. ಇನ್ನು ಮಾತಾಡಾಕೆ ನನಗೆ ಹಕ್ಕಿಲ್ಲ ಅಂದ್ಕೊಂಡೆ.”

ಸಾಯಿಮಾಳಿಗೆ ಈಗ ತಿಳಿಯಿತು. ಎರಡು ದಿನ ಅವನು ಇಲ್ಲಿ ಊಟ ಬಿಟ್ಟದ್ದು, ತಾನು ಅಲ್ಲಿ ನಿದ್ದೆ ಬಿಟ್ಟದ್ದು... ಎಲ್ಲ ತನ್ನದೇ ಬಾಯಿಂದ ಬಂದ ಶರತ್ತಿಗೆ!

“ಮೂರು ಜನಕ್ಕೂ ಸಾಕ್ಷಿ ಸಿಕ್ಕೈತೆ,” ಎಂದಳು ನಿಧಾನವಾಗಿ. “ನಿಮ್ಮೊಬ್ಬರಿಗೇ ಇಲ್ಲ. ಆದ್ರೂ ನಂಬ್ತೀರಾ?”

“ನನಗೆ ಹೊಲಕ್ಕೆ ಬಂದ ದಿನವೇ ಸಿಕ್ಕಿತ್ತು. ನಿಮಗೆ ಸೀನು ಬಂತಲ್ಲ, ಆಗ ನೀವು ಮೊದಲು ಬಟ್ಟಲು ಮುಚ್ಚಿದ್ರಿ. ಆಮೇಲೆ ಮೂಗು. ಅದನ್ನ ನೋಡಿದವನಿಗೆ ಕಾಯಿ ಯಾಕ್ರೀ ಬೇಕು? ಅದನ್ನ ನೋಡ್ತಾ ನಿಂತೇ ನಾನು ಹೂವು ಮುರಿದಿದ್ದು.”

ಅವನು ಗಲ್ಲಾದ ಹಿಂದಿನಿಂದ ಒಂದು ಪುಟ್ಟ ತಗಡಿನ ಡಬ್ಬಿ ತೆಗೆದ. ಒಳಗೆ ಒಣಗಿದ ಹೂವು, ಇನ್ನೂ ಬಿಚ್ಚದ ನೀಲಿ ದಾರ. ಅದರ ಪಕ್ಕದಲ್ಲಿ ಒಂದು ಹಿತ್ತಾಳೆ ಉಂಗುರ.

ಸಾಯಿಮಾ ಉಂಗುರವನ್ನು ಎತ್ತಿ ನೋಡಿದಳು. “ಇದಕ್ಕೆ ಬಟ್ಟಲೇ ಇಲ್ಲ?”

“ಇದು ಹೊಲಕ್ಕಲ್ಲ.”

“ಅಳತೆ?”

“ಎಲ್ಲರ ದಾರ ಒಂದು ಜೇಬಿಗೆ ಹಾಕಿದ್ದೆ. ನಿಮ್ಮದು ಮಾತ್ರ ಮೇಲಿನ ಜೇಬಿಗೆ ಹೋಗಿತ್ತು.” ಅವನು ತಲೆ ತಗ್ಗಿಸಿದ. “ನೀವಂದ್ರೆ ನನಗೆ ಇಷ್ಟ, ಸಾಯಿಮಾ. ಹೇಳಾಕೆ ಹಕ್ಕು ಐತೋ ಇಲ್ವೋ, ಹೇಳಿಬಿಟ್ಟೆ.”

ಅವಳ ಕಣ್ಣು ತುಂಬಿದವು. ಈ ಸಲ ಪುಡಿಯ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಉಂಗುರವನ್ನು ಒಮ್ಮೆ ಬೆರಳಿಗೆ ಹಾಕಿ ನೋಡಿದಳು. ಅಳತೆ ಕರಾರುವಾಕ್ಕಾಗಿತ್ತು. ಆಮೇಲೆ ತೆಗೆದು ಅವನ ಅಂಗೈ ಮೇಲಿಟ್ಟು ಬೆರಳುಗಳನ್ನು ಮಡಚಿದಳು.

“ಇಲ್ಲಿ ಬೇಡ. ನಲ್ಲೂರಿಗೆ ಬಂದು ಅಬ್ಬಾ ಮುಂದೆ ಕೊಡ್ರಿ.”

“ಅಬ್ಬಾ ಏನಂತಾರೆ?”

“ನನ್ನ ಅಬ್ಬಾ ಅಲ್ವಾ, ಸಾಕ್ಷಿ ಕೇಳ್ತಾರೆ.”

“ನನ್ನ ಹತ್ರ ಏನೈತೆ ತೋರಿಸಾಕೆ?”

ಸಾಯಿಮಾ ಡಬ್ಬಿಯ ಮುಚ್ಚಳ ಮುಚ್ಚಿ, ಅದನ್ನು ಅವನ ಮೇಲಿನ ಜೇಬಿಗೆ ಹಾಕಿದಳು.

“ಉದುರಿದ ಹೂವು ತೋರಿಸ್ರಿ. ಉಳಿದಿದ್ದು ನಾನು ಹೇಳ್ತೀನಿ.”